ಇಲ್ಲದ ಮಾನ್ಯತೆ ರದ್ದಾಗುವುದು ಹೇಗೆ? ‘ನೋಂದಾಯಿತ, ಮಾನ್ಯತೆ ಪಡೆಯದ’ ಪಕ್ಷಗಳ ಗೊಂದಲ

2025ರ ಆಗಸ್ಟ್ 9ರಂದು ಚುನಾವಣಾ ಆಯೋಗ 334 ರಾಜಕೀಯ ಪಕ್ಷಗಳ ಹೆಸರನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ಸೆಪ್ಟೆಂಬರ್‌ನಲ್ಲಿ ಇನ್ನೂ 474 ಪಕ್ಷಗಳು ಹೋದವು. ಎರಡೇ ತಿಂಗಳಲ್ಲಿ ಒಟ್ಟು 808. ಸುದ್ದಿ ಕೇಳಿದ ಬಹಳ ಜನ ಇದನ್ನು ‘ಪಕ್ಷಗಳ ಮಾನ್ಯತೆ ರದ್ದು’ ಅಂತಲೇ ಅರ್ಥಮಾಡಿಕೊಂಡರು.

ಆದರೆ ಆ ಪಕ್ಷಗಳಿಗೆ ಮಾನ್ಯತೆ ಇರಲೇ ಇಲ್ಲ. ಇಲ್ಲದ್ದನ್ನು ರದ್ದು ಮಾಡುವುದು ಹೇಗೆ?

ಆಯೋಗದ ಕಡತದಲ್ಲಿ ಇವುಗಳಿಗೆ ಇರುವ ಹೆಸರೇ ‘ನೋಂದಾಯಿತ, ಮಾನ್ಯತೆ ಪಡೆಯದ ರಾಜಕೀಯ ಪಕ್ಷ’. ಓದಿದ ಕೂಡಲೇ ತಲೆ ಕೆರೆದುಕೊಳ್ಳುವ ಮಾತು ಇದು. ಒಂದು ಕೈಯಲ್ಲಿ ಒಪ್ಪಿ, ಇನ್ನೊಂದು ಕೈಯಲ್ಲಿ ಒಪ್ಪದೇ ಇದ್ದ ಹಾಗಿದೆ. ಈ ಜೋಡಿ ಪದ ಎಲ್ಲಿಂದ ಬಂತು ಅಂತ ಗೊತ್ತಾದರೆ ಆಯೋಗ ಮಾಡಿದ್ದೇನು, ಮಾಡಲು ಆಗದೇ ಇರುವುದೇನು ಎರಡೂ ತಿಳಿಯುತ್ತವೆ.

ಶಾಲೆಯ ಮಾನ್ಯತೆ ಬೇರೆ, ಪಕ್ಷದ ಮಾನ್ಯತೆ ಬೇರೆ

ನಮಗೆ ‘ಮಾನ್ಯತೆ’ ಅಂದರೆ ಮೊದಲು ನೆನಪಾಗುವುದು ಶಾಲೆ, ಕಾಲೇಜು. ಖಾಸಗಿ ಶಾಲೆಗೆ ಇಲಾಖೆಯ ಮಾನ್ಯತೆ ಇಲ್ಲ ಅಂದರೆ ಅದು ಅನಧಿಕೃತ. ಮಕ್ಕಳನ್ನು ಸೇರಿಸಬೇಡಿ ಅಂತ ಬಿಇಒ ಕಚೇರಿಯೇ ಹೇಳುತ್ತದೆ. ಅದೇ ಅರ್ಥವನ್ನು ಪಕ್ಷಕ್ಕೆ ಹಚ್ಚಿದರೆ ‘ಮಾನ್ಯತೆ ಪಡೆಯದ ಪಕ್ಷ’ ಅಂದರೆ ಏನೋ ಕಳ್ಳ ವ್ಯವಹಾರ ಅನ್ನಿಸುತ್ತದೆ.

ಹಾಗಲ್ಲ. ಮೇಲುಕೋಟೆಯಲ್ಲಿ 2013ರಲ್ಲಿ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ, 2023ರಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಗೆದ್ದಿದ್ದು ಸರ್ವೋದಯ ಕರ್ನಾಟಕ ಪಕ್ಷದಿಂದ. ಅದು ಮಾನ್ಯತೆ ಪಡೆಯದ ಪಕ್ಷವೇ. 2023ರಲ್ಲಿ ಗಂಗಾವತಿಯಲ್ಲಿ ಜನಾರ್ದನ ರೆಡ್ಡಿ ಗೆದ್ದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವೂ ಹಾಗೇ. ಮೂವರೂ ವಿಧಾನಸಭೆಯಲ್ಲಿ ಕೂತರು. ಯಾರೂ ಅನಧಿಕೃತ ಶಾಸಕರಾಗಲಿಲ್ಲ.

ಪಕ್ಷಗಳ ವಿಷಯದಲ್ಲಿ ಇರುವುದು ಎರಡು ಬಾಗಿಲು. ಮೊದಲನೆಯದು ನೋಂದಣಿ. ಅರ್ಜಿ ಹಾಕಿ, ಕಾಗದಪತ್ರ ಸರಿಯಿದ್ದರೆ ಒಳಗೆ ಬರಬಹುದು. ಎರಡನೆಯದು ಮಾನ್ಯತೆ. ಅದಕ್ಕೆ ಅರ್ಜಿ ಸಾಲದು, ಮತ ಬೇಕು. ಮೊದಲನೆಯ ಬಾಗಿಲು ದಾಟಿ ಎರಡನೆಯದರ ಮುಂದೆ ನಿಂತವರೇ ಈ ‘ನೋಂದಾಯಿತ, ಮಾನ್ಯತೆ ಪಡೆಯದ’ ಪಕ್ಷಗಳು. 2025ರ ಆಗಸ್ಟ್‌ವರೆಗೆ ಅಂಥವು 2,854 ಇದ್ದವು. ಮಾನ್ಯತೆ ಇದ್ದ ರಾಷ್ಟ್ರೀಯ ಪಕ್ಷ 6, ರಾಜ್ಯ ಪಕ್ಷ 67. ಅಂದರೆ ಆಯೋಗದ ಪಟ್ಟಿಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಎರಡನೇ ಬಾಗಿಲ ಹೊರಗೇ ಇದ್ದರು.

ಮೊದಲು ಬಂದದ್ದು ಚಿಹ್ನೆ, ಆಮೇಲೆ ಮಾನ್ಯತೆ

ಈ ಮಾತಿನ ಬೇರು ಇರುವುದು 1951-52ರ ಮೊದಲ ಮಹಾಚುನಾವಣೆಯಲ್ಲಿ. 1951ರ ಜನಗಣತಿಯ ಪ್ರಕಾರ ಓದು ಬರಹ ಬಲ್ಲವರು ಶೇ 18ರಷ್ಟು ಮಾತ್ರ. ಹೆಸರು ಓದಿ ಮತ ಹಾಕಿ ಅಂದರೆ ಆಗುವ ಮಾತಲ್ಲ. ಹಾಗಾಗಿ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಕಾಲದಲ್ಲಿ ಚಿತ್ರದ ದಾರಿ ಹಿಡಿದರು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಚಿಹ್ನೆ. ಜೋಡೆತ್ತಿನ ಪೆಟ್ಟಿಗೆಗೆ ಚೀಟಿ ಹಾಕಿದರೆ ಕಾಂಗ್ರೆಸ್‌ಗೆ ಮತ. ಗುರುತು ಒತ್ತುವ ಕೆಲಸವೂ ಇರಲಿಲ್ಲ.

ಇಲ್ಲಿ ಒಂದು ತೊಡಕು ಬಂತು. ಒಂದು ಪಕ್ಷದ ಅಭ್ಯರ್ಥಿಗೆ ಧಾರವಾಡದಲ್ಲೂ ಪಟ್ನಾದಲ್ಲೂ ಒಂದೇ ಚಿಹ್ನೆ ಇರಬೇಕು ಅಂದರೆ, ಆ ಚಿಹ್ನೆಯನ್ನು ಬೇರೆ ಯಾರಿಗೂ ಕೊಡದೆ ಎತ್ತಿಡಬೇಕು. ಯಾರಿಗೆ ಎತ್ತಿಡುವುದು? ಎಲ್ಲರಿಗೂ ಎತ್ತಿಟ್ಟರೆ ಚಿಹ್ನೆಗಳೇ ಸಾಲವು. ಅದಕ್ಕೆ ಕೆಲವರನ್ನು ಆರಿಸಿ ‘ಇವರು ಮಾನ್ಯ’ ಅಂದರು. ಮಾನ್ಯತೆ ಎಂಬುದು ಗೌರವದ ಬಿರುದಾಗಿ ಹುಟ್ಟಲಿಲ್ಲ. ಚಿತ್ರ ಹಂಚುವ ಲೆಕ್ಕದಲ್ಲಿ ಹುಟ್ಟಿತು.

ಆ ಸಲ ಚುನಾವಣೆಗೆ ಮೊದಲೇ 14 ಪಕ್ಷಗಳನ್ನು ರಾಷ್ಟ್ರೀಯ ಪಕ್ಷ ಎಂದು ಒಪ್ಪಿದ್ದರು. ಮತ ಎಣಿಸಿ, ಕನಿಷ್ಠ ಶೇ 3 ಮತ ಬೇಕು ಎಂದು ಗೆರೆ ಎಳೆದ ಮೇಲೆ ಉಳಿದಿದ್ದು ನಾಲ್ಕೇ: ಕಾಂಗ್ರೆಸ್, ಪ್ರಜಾ ಸೋಷಲಿಸ್ಟ್ ಪಕ್ಷ, ಸಿಪಿಐ, ಜನಸಂಘ. ಅಲ್ಲಿಂದ ಇವತ್ತಿನವರೆಗೂ ನಿಯಮದ ತಿರುಳು ಬದಲಾಗಿಲ್ಲ. ಮಾನ್ಯತೆ ಕೊಡುವುದು ಆಯೋಗ, ಆದರೆ ಅದನ್ನು ಗಳಿಸಿಕೊಡುವುದು ಮತದಾರ. ಮತ ಹೋದರೆ ಮಾನ್ಯತೆಯೂ ಹೋಗುತ್ತದೆ. 2023ರ ಏಪ್ರಿಲ್‌ನಲ್ಲಿ ಸಿಪಿಐ, ಟಿಎಂಸಿ, ಎನ್‌ಸಿಪಿ ಮೂರೂ ರಾಷ್ಟ್ರೀಯ ಪಕ್ಷದ ಸ್ಥಾನ ಕಳೆದುಕೊಂಡವು, ಆಮ್ ಆದ್ಮಿ ಪಕ್ಷ ಪಡೆದುಕೊಂಡಿತು. ‘ಮಾನ್ಯತೆ ಹೋಯಿತು’ ಅನ್ನಲು ಸರಿಯಾದ ಜಾಗ ಅದು.

ಇದೆಲ್ಲ ಬಿಡಿಬಿಡಿಯಾಗಿ ಇದ್ದದ್ದನ್ನು 1968ರ ಆಗಸ್ಟ್ 31ರ ಚಿಹ್ನೆಗಳ ಆದೇಶ ಒಂದೇ ಕಡೆ ತಂದಿತು. ಮಾನ್ಯತೆ ಇರುವ ಪಕ್ಷ, ಇಲ್ಲದ ಪಕ್ಷ ಎಂಬ ಗೆರೆ ಇವತ್ತಿಗೂ ನಿಂತಿರುವುದು ಆ ಆದೇಶದ ಮೇಲೆ. ಇದು ಸಂಸತ್ತು ಮಾಡಿದ ಕಾಯ್ದೆಯಲ್ಲ, ಆಯೋಗವೇ ಹೊರಡಿಸಿದ ಆದೇಶ. ಕಾಂಗ್ರೆಸ್ ಒಡೆದು ಜೋಡೆತ್ತು ಯಾರದ್ದು ಎಂಬ ಜಗಳ ಸುಪ್ರೀಂ ಕೋರ್ಟ್‌ಗೆ ಹೋದಾಗ, 1971ರಲ್ಲಿ ಕೋರ್ಟ್ ಈ ಆದೇಶವನ್ನು ಎತ್ತಿ ಹಿಡಿಯಿತು.

ಕಾಯ್ದೆಯಲ್ಲಿ ನೋಂದಣಿ ಬಂದದ್ದು ತಡವಾಗಿ

ಇನ್ನರ್ಧ ಪದ, ‘ನೋಂದಾಯಿತ’, ಕಾಯ್ದೆಯ ಬಲ ಪಡೆದದ್ದು ಬಹಳ ತಡವಾಗಿ. ಆಶ್ಚರ್ಯ ಅನ್ನಿಸಬಹುದು, ಆದರೆ ನಮ್ಮ ಸಂವಿಧಾನ ಬರೆದಾಗ ಅದರಲ್ಲಿ ರಾಜಕೀಯ ಪಕ್ಷಗಳ ಮಾತೇ ಇರಲಿಲ್ಲ. 1985ರಲ್ಲಿ ಪಕ್ಷಾಂತರ ನಿಷೇಧಕ್ಕೆ ಹತ್ತನೇ ಅನುಸೂಚಿ ಬಂದಾಗ ಪಕ್ಷಗಳು ಸಂವಿಧಾನದೊಳಗೆ ಕಾಲಿಟ್ಟವು. ಶಾಸಕ ಯಾವ ಪಕ್ಷದವನು ಎಂಬುದೇ ಅವನ ಸ್ಥಾನ ಉಳಿಸುವ, ಕಳೆಯುವ ಪ್ರಶ್ನೆಯಾದಾಗ, ಯಾವುದು ಪಕ್ಷ ಅಂತಲೂ ಕಾಯ್ದೆಯಲ್ಲಿ ಹೇಳಬೇಕಾಯಿತು. 1988ರಲ್ಲಿ ಜನಪ್ರತಿನಿಧಿ ಕಾಯ್ದೆಗೆ 29ಎ ಸೆಕ್ಷನ್ ಸೇರಿತು. 1989ರ ಜೂನ್ 15ರಿಂದ ಜಾರಿಗೆ ಬಂತು.

29ಎ ಕೇಳುವುದು ಜಾಸ್ತಿ ಏನಲ್ಲ. ಪಕ್ಷ ಹುಟ್ಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವಕ್ಕೆ ನಿಷ್ಠೆ ಇಟ್ಟುಕೊಳ್ಳುತ್ತೇವೆ ಅಂತ ಪಕ್ಷದ ನಿಯಮಾವಳಿಯಲ್ಲಿ ಬರೆದಿರಬೇಕು. ಆಯೋಗದ ಮಾರ್ಗಸೂಚಿ ಇದಕ್ಕೆ ಇನ್ನೊಂದಿಷ್ಟು ಸೇರಿಸುತ್ತದೆ: ಮತದಾರರಾಗಿರುವ ಕನಿಷ್ಠ 100 ಸದಸ್ಯರು, 10,000 ರೂಪಾಯಿ ಶುಲ್ಕ, ಆಕ್ಷೇಪಣೆಗೆ ಪತ್ರಿಕೆಯಲ್ಲಿ ಪ್ರಕಟಣೆ, ಐದು ವರ್ಷದೊಳಗೆ ಚುನಾವಣೆಗೆ ನಿಲ್ಲುತ್ತೇವೆ ಎಂಬ ಮಾತು. ನೂರು ಜನ ಮತ್ತು ಹತ್ತು ಸಾವಿರ. ಊರಿನ ಗಣೇಶೋತ್ಸವ ಸಮಿತಿಗೂ ಇದಕ್ಕಿಂತ ಜಾಸ್ತಿ ಖರ್ಚಾಗುತ್ತದೆ.

ಲೆಕ್ಕ ಹಾಕಿ ನೋಡಿದರೆ

ಎರಡನೇ ಬಾಗಿಲು ಮಾತ್ರ ಬಿಗಿ. ಒಂದು ರಾಜ್ಯದಲ್ಲಿ ಮಾನ್ಯತೆ ಬೇಕಾದರೆ ಐದು ದಾರಿಗಳಲ್ಲಿ ಒಂದು ದಾಟಬೇಕು. ಕರ್ನಾಟಕದ ಅಂಕಿಗಳನ್ನೇ ಹಾಕಿ ನೋಡೋಣ. ವಿಧಾನಸಭೆ ಚುನಾವಣೆಯಲ್ಲಿ ಶೇ 6 ಮತ, ಜೊತೆಗೆ 2 ಶಾಸಕರು. ಇಲ್ಲವೇ ಲೋಕಸಭೆಯಲ್ಲಿ ರಾಜ್ಯದ ಶೇ 6 ಮತ, ಜೊತೆಗೆ ಒಬ್ಬ ಸಂಸದ. ಇಲ್ಲವೇ ವಿಧಾನಸಭೆಯ ಶೇ 3 ಸ್ಥಾನ, ಅಂದರೆ 224ರಲ್ಲಿ 7. ಇಲ್ಲವೇ 25 ಲೋಕಸಭಾ ಸ್ಥಾನಕ್ಕೆ ಒಬ್ಬರಂತೆ ಸಂಸದರು. ನಮ್ಮಲ್ಲಿ 28 ಇರುವುದರಿಂದ, ಮಿಕ್ಕ ಮೂರಕ್ಕೂ ಒಬ್ಬರು ಸೇರಿ 2 ಸಂಸದರು. ಇದ್ಯಾವುದೂ ಆಗದಿದ್ದರೆ, ಒಂದೂ ಸ್ಥಾನ ಗೆಲ್ಲದಿದ್ದರೂ ಶೇ 8 ಮತ ಬಂದರೆ ಸಾಕು. ಈ ಕೊನೆಯ ದಾರಿ ತೆರೆದದ್ದು 2011ರಲ್ಲಿ.

2013ರಲ್ಲಿ ಯಡಿಯೂರಪ್ಪನವರ ಕೆಜೆಪಿಗೆ ಬಂದದ್ದು 6 ಸ್ಥಾನ. ಏಳು ಮುಟ್ಟಲಿಲ್ಲ. ಆದರೆ ಮತ ಸುಮಾರು ಶೇ 9.8 ಇತ್ತು, ಹಾಗಾಗಿ ಬೇರೆ ದಾರಿಯ ಲೆಕ್ಕದಲ್ಲಿ ಗೆರೆ ದಾಟಿತ್ತು. ಅದೇ ಚುನಾವಣೆಯಲ್ಲಿ 4 ಸ್ಥಾನ ಗೆದ್ದ ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್‌ನ ಮತ ಶೇ 3ಕ್ಕೂ ಕಡಿಮೆ. ಯಾವ ದಾರಿಯಲ್ಲೂ ದಾಟಲಿಲ್ಲ. ಒಂದೇ ಗೂಡಿನಿಂದ ಹಾರಿದ ಎರಡು ಪಕ್ಷ, ಒಂದು ಗೆರೆಯ ಆಚೆ, ಇನ್ನೊಂದು ಈಚೆ. ಕೊನೆಗೆ ಎರಡೂ ಬಿಜೆಪಿಗೇ ಮರಳಿದ್ದು ಬೇರೆ ಮಾತು.

ಪಕ್ಕದ ತಮಿಳುನಾಡಿನ ಕಥೆ ಇನ್ನೂ ಚೆನ್ನಾಗಿದೆ. ಸೀಮಾನ್ ಅವರ ನಾಮ್ ತಮಿಳರ್ ಕಚ್ಚಿ 2021ರ ವಿಧಾನಸಭೆ ಚುನಾವಣೆಯಲ್ಲಿ ಸುಮಾರು ಶೇ 6.6 ಮತ ಪಡೆಯಿತು. ಆದರೆ ಒಂದೂ ಸ್ಥಾನ ಇಲ್ಲ, ಹಾಗಾಗಿ ಮಾನ್ಯತೆಯೂ ಇಲ್ಲ. ಮಾನ್ಯತೆ ಇಲ್ಲದ ಪಕ್ಷಕ್ಕೆ ಚಿಹ್ನೆ ಸ್ವಂತದ್ದಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ಅರ್ಜಿ ಹಾಕಬೇಕು, ಮೊದಲು ಬಂದವರಿಗೆ ಆದ್ಯತೆ. 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಅವರು ಬಳಸುತ್ತಿದ್ದ ‘ಕಬ್ಬು ಹೊತ್ತ ರೈತ’ ಚಿಹ್ನೆಗೆ ಕರ್ನಾಟಕ ಮೂಲದ ಒಂದು ಸಣ್ಣ ಪಕ್ಷ ಮೊದಲೇ ಅರ್ಜಿ ಹಾಕಿತ್ತು. ಚಿಹ್ನೆ ಅವರ ಪಾಲಾಯಿತು. ಸೀಮಾನ್ ಪಕ್ಷ ದೆಹಲಿ ಹೈಕೋರ್ಟ್‌ಗೆ ಹೋಯಿತು, ಫಲ ಸಿಗಲಿಲ್ಲ. ಕೊನೆಗೆ ಮೈಕ್ ಚಿಹ್ನೆ ಹಿಡಿದು ನಿಂತು ಶೇ 8ರ ಗೆರೆ ದಾಟಿತು. 2025ರ ಜನವರಿಯಲ್ಲಿ ಅದು ರಾಜ್ಯ ಪಕ್ಷವಾಯಿತು. ಲಕ್ಷಾಂತರ ಮತದಾರರಿದ್ದೂ ‘ಮಾನ್ಯತೆ ಪಡೆಯದ’ ಎಂಬ ಹಣೆಪಟ್ಟಿ ಹೊತ್ತು ತಿರುಗಿದ ಪಕ್ಷ ಅದು.

ಮಾನ್ಯತೆಯ ಮಿಕ್ಕ ಲಾಭಗಳು ಸಣ್ಣವು, ಆದರೆ ಪ್ರಚಾರದಲ್ಲಿ ಉಪಯೋಗಕ್ಕೆ ಬರುವಂಥವು. ನಾಮಪತ್ರಕ್ಕೆ ಹತ್ತರ ಬದಲು ಒಬ್ಬರೇ ಸೂಚಕರು ಸಾಕು. ಸ್ಟಾರ್ ಪ್ರಚಾರಕರು 20ರ ಬದಲು 40. ಆಕಾಶವಾಣಿ, ದೂರದರ್ಶನದಲ್ಲಿ ಪುಕ್ಕಟೆ ಸಮಯ. ಮತಯಂತ್ರದ ಮೇಲಿನ ಹೆಸರುಗಳ ಸಾಲಿನಲ್ಲೂ ಇದು ಕಾಣುತ್ತದೆ: ಮೊದಲು ಮಾನ್ಯತೆ ಇರುವ ಪಕ್ಷದವರು, ಆಮೇಲೆ ನೋಂದಾಯಿತ ಪಕ್ಷದವರು, ಕೊನೆಗೆ ಪಕ್ಷೇತರರು.

ದುಡ್ಡು ಇರುವುದು ಮೊದಲ ಬಾಗಿಲಲ್ಲೇ

ಮತ ಇಲ್ಲ, ಚಿಹ್ನೆ ಇಲ್ಲ, ಚುನಾವಣೆಗೂ ನಿಲ್ಲುವುದಿಲ್ಲ. ಹಾಗಾದರೆ ಸಾವಿರಾರು ಪಕ್ಷಗಳು ಇದ್ದದ್ದಾದರೂ ಯಾಕೆ?

ಉತ್ತರದ ದೊಡ್ಡ ಪಾಲು ಆದಾಯ ತೆರಿಗೆಯಲ್ಲಿದೆ. 1961ರ ಆದಾಯ ತೆರಿಗೆ ಕಾಯ್ದೆಯ 13ಎ ಸೆಕ್ಷನ್ ಪಕ್ಷಗಳ ದೇಣಿಗೆಗೆ ತೆರಿಗೆ ವಿನಾಯಿತಿ ಕೊಟ್ಟಿತು. ಲೆಕ್ಕಪತ್ರ ಇಡಬೇಕು, ಆಡಿಟ್ ಮಾಡಿಸಬೇಕು, 2,000 ರೂಪಾಯಿಗಿಂತ ಜಾಸ್ತಿ ದೇಣಿಗೆ ನಗದಾಗಿ ತಗೊಳ್ಳಬಾರದು ಎಂಬ ಷರತ್ತುಗಳಿದ್ದವು. ಆದರೆ ಮುಖ್ಯ ಸಂಗತಿ ಬೇರೆ. ವಿನಾಯಿತಿಗೆ ಕೇಳಿದ್ದು 29ಎ ನೋಂದಣಿ ಮಾತ್ರ. ಮಾನ್ಯತೆ ಕೇಳಲೇ ಇಲ್ಲ. ದೇಣಿಗೆ ಕೊಟ್ಟವರಿಗೂ ಅಷ್ಟೇ. ಕಂಪನಿಗೆ 80ಜಿಜಿಬಿ, ವ್ಯಕ್ತಿಗೆ 80ಜಿಜಿಸಿ, ಆ ಕಾಯ್ದೆಯ ಈ ಎರಡೂ ಸೆಕ್ಷನ್‌ಗಳಲ್ಲಿ ನೋಂದಾಯಿತ ಪಕ್ಷಕ್ಕೆ ಬ್ಯಾಂಕ್ ಮೂಲಕ ಕೊಟ್ಟ ಪೂರ್ತಿ ಮೊತ್ತ ಕಡಿತಕ್ಕೆ ಸಿಗುತ್ತಿತ್ತು.

ನಮ್ಮ ಹಳೆಯ ಶಾಸನಗಳಲ್ಲಿ ‘ಸರ್ವಮಾನ್ಯ’ ಅಂತ ಒಂದು ಮಾತು ಬರುತ್ತದೆ. ಇವತ್ತು ಅದಕ್ಕೆ ‘ಎಲ್ಲರೂ ಒಪ್ಪಿದ’ ಅಂತ ಅರ್ಥ. ಅಂದು ದೇವಸ್ಥಾನಕ್ಕೋ ಅಗ್ರಹಾರಕ್ಕೋ ಎಲ್ಲ ತೆರಿಗೆಯಿಂದ ಬಿಡಿಸಿ ಕೊಟ್ಟ ಭೂಮಿ ಸರ್ವಮಾನ್ಯ. ಮಾನ್ಯ ಅಂದರೇ ತೆರಿಗೆ ಇಲ್ಲದ್ದು. ಈಗ ನೋಡಿದರೆ ಮಾನ್ಯತೆ ಇಲ್ಲದವರಿಗೇ ತೆರಿಗೆ ಮಾಫಿ!

ದುರುಪಯೋಗ ನಡೆಯುವ ರೀತಿ ಸರಳ. ಶೇ 30ರ ತೆರಿಗೆ ಹಂತದಲ್ಲಿರುವ ನೌಕರರೊಬ್ಬರು ಹಳೇ ತೆರಿಗೆ ಪದ್ಧತಿಯಲ್ಲಿದ್ದಾರೆ ಅಂತಿಟ್ಟುಕೊಳ್ಳಿ. ಯಾರೂ ಹೆಸರು ಕೇಳಿರದ ಪಕ್ಷವೊಂದಕ್ಕೆ 1 ಲಕ್ಷ ರೂಪಾಯಿ ಬ್ಯಾಂಕ್ ಮೂಲಕ ಕಳಿಸುತ್ತಾರೆ. ಪಕ್ಷದವರು ಕಮಿಷನ್ ಹಿಡಿದುಕೊಂಡು ಮಿಕ್ಕಿದ್ದನ್ನು ನಗದಾಗಿ ವಾಪಸ್ ಕೊಡುತ್ತಾರೆ. ಸೆಸ್ ಸೇರಿ 31,200 ರೂಪಾಯಿ ತೆರಿಗೆ ಉಳಿಯುತ್ತದೆ. ನಷ್ಟ ಸರ್ಕಾರಕ್ಕೆ. 2022ರ ಸೆಪ್ಟೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆ ಹಲವು ರಾಜ್ಯಗಳಲ್ಲಿ ಇಂಥ ಪಕ್ಷಗಳ ಮೇಲೆ ಶೋಧ ನಡೆಸಿತ್ತು. 2025ರ ಜುಲೈನಲ್ಲಿ ಸುಳ್ಳು ಕಡಿತಗಳ ಜಾಡು ಹಿಡಿದು 150 ಕಡೆ ಪರಿಶೀಲನೆ ಮಾಡಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮ್ ವಾಪಸ್ ತೆಗೆದುಕೊಂಡಿದ್ದಾರೆ ಎಂದು ಇಲಾಖೆ ಹೇಳಿತು. ಅದೆಲ್ಲ ಪಕ್ಷದ ದೇಣಿಗೆಯದ್ದಲ್ಲ, ಮನೆ ಬಾಡಿಗೆ, ಓದಿನ ಸಾಲ ಮುಂತಾದವೂ ಸೇರಿವೆ. ಆದರೆ 80ಜಿಜಿಸಿ ಆ ಪಟ್ಟಿಯಲ್ಲಿ ಇತ್ತು.

ಒಳಗೆ ಬಿಡಬಹುದು, ಹೊರಗೆ ಹಾಕಬಹುದಾ?

ಇಲ್ಲಿದೆ ನಿಜವಾದ ಕಗ್ಗಂಟು. 29ಎ ಪಕ್ಷವನ್ನು ನೋಂದಾಯಿಸಲು ಆಯೋಗಕ್ಕೆ ಅಧಿಕಾರ ಕೊಟ್ಟಿತು. ನೋಂದಣಿ ರದ್ದು ಮಾಡುವ ಬಗ್ಗೆ ಒಂದಕ್ಷರ ಬರೆಯಲಿಲ್ಲ.

ಕೇರಳದಲ್ಲಿ ಬಂದ್ ಕರೆಯುವ ಪಕ್ಷಗಳ ನೋಂದಣಿ ರದ್ದು ಮಾಡಿ ಅಂತ ಒಂದು ಸಂಸ್ಥೆ ಕೋರ್ಟ್‌ಗೆ ಹೋಗಿತ್ತು. ಆ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿತು: ಆಯೋಗಕ್ಕೆ ಆ ಅಧಿಕಾರ ಇಲ್ಲ. ಮೂರು ಸಂದರ್ಭ ಮಾತ್ರ ಹೊರತು. ಮೋಸ ಮಾಡಿ ನೋಂದಣಿ ಪಡೆದಿದ್ದರೆ, ಸಂವಿಧಾನಕ್ಕೆ ನಿಷ್ಠೆ ಎಂಬ ಷರತ್ತನ್ನು ಪಕ್ಷವೇ ಕೈಬಿಟ್ಟರೆ, ಅಥವಾ ಸರ್ಕಾರ ಆ ಪಕ್ಷವನ್ನು ಕಾನೂನುಬಾಹಿರ ಎಂದು ಘೋಷಿಸಿದಂಥ ಸಂದರ್ಭವಿದ್ದರೆ. ಲೆಕ್ಕ ಕೊಡಲಿಲ್ಲ, ಚುನಾವಣೆಗೆ ನಿಲ್ಲಲಿಲ್ಲ ಎಂಬುದು ಇವುಗಳಲ್ಲಿ ಇಲ್ಲ.

ಹಾಗಾಗಿ ಆಯೋಗ ‘ನೋಂದಣಿ ರದ್ದು’ ಅನ್ನದೆ ‘ಪಟ್ಟಿಯಿಂದ ತೆಗೆಯುವುದು’ ಎಂಬ ದಾರಿ ಹುಡುಕಿಕೊಂಡಿದೆ. 2016ರಲ್ಲಿ 255 ಪಕ್ಷಗಳನ್ನು ಹೀಗೆ ತೆಗೆದಿತ್ತು. 2022ರಲ್ಲಿ ವಿಳಾಸದಲ್ಲಿ ಸಿಗದ ಪಕ್ಷಗಳನ್ನು ತೆಗೆದು, ಇನ್ನೂ 253ನ್ನು ನಿಷ್ಕ್ರಿಯ ಎಂದು ಘೋಷಿಸಿತ್ತು. 2025ರದ್ದು ಎಲ್ಲಕ್ಕಿಂತ ದೊಡ್ಡದು. ಅಳತೆಗೋಲು: 2019ರಿಂದ ಆರು ವರ್ಷ ಒಂದೂ ಲೋಕಸಭೆ, ವಿಧಾನಸಭೆ ಅಥವಾ ಉಪಚುನಾವಣೆಗೆ ನಿಲ್ಲದಿರುವುದು. ಮೊದಲ ಸುತ್ತಿನಲ್ಲಿ ವಿಳಾಸದಲ್ಲಿ ಕಚೇರಿಯೇ ಸಿಗದಿದ್ದದ್ದೂ ಸೇರಿತ್ತು. ರಾಜ್ಯಗಳ ಮುಖ್ಯ ಚುನಾವಣಾಧಿಕಾರಿಗಳು ನೋಟಿಸ್ ಕೊಟ್ಟು, ವಿಚಾರಣೆ ನಡೆಸಿ ವರದಿ ಕಳಿಸಿದ್ದರು.

ಪಟ್ಟಿಯಿಂದ ಹೋದರೆ ತೆರಿಗೆ ಸೌಲಭ್ಯವೂ ಇಲ್ಲ, ಚಿಹ್ನೆಯ ಆದೇಶದ ಸೌಲಭ್ಯವೂ ಇಲ್ಲ ಎಂದು ಆಯೋಗವೇ ಹೇಳಿದೆ. ಹಾಗಾದರೆ ಇದಕ್ಕೂ ನೋಂದಣಿ ರದ್ದಿಗೂ ಏನು ವ್ಯತ್ಯಾಸ? ಪಟ್ಟಿಯಿಂದ ಹೋದ ಪಕ್ಷಗಳ ಪರ ಇರುವ ಬಲವಾದ ವಾದವೇ ಇದು. ಸಂಘ ಕಟ್ಟುವುದು ಮೂಲಭೂತ ಹಕ್ಕು, ಕಾಯ್ದೆಯಲ್ಲಿ ಇಲ್ಲದ ಶಿಕ್ಷೆಯನ್ನು ಬೇರೆ ಹೆಸರಿನಲ್ಲಿ ಕೊಟ್ಟ ಹಾಗಾಯಿತು ಅನ್ನಬಹುದು. ಹೋರಾಟ, ಸಂಘಟನೆ, ಸ್ಥಳೀಯ ಸಂಸ್ಥೆಗಳಲ್ಲಷ್ಟೇ ಕೆಲಸ ಮಾಡುವ ಗುಂಪುಗಳ ಮಾತೂ ಇದೆ. ಅವು ಬದುಕಿವೆ, ಆದರೆ ಅವುಗಳ ಕೆಲಸ ಈ ಅಳತೆಗೋಲಿಗೆ ಕಾಣುವುದಿಲ್ಲ.

ಆಯೋಗದ ಕಡೆಯ ವಾದವೂ ಹಗುರವಲ್ಲ. ನೋಂದಣಿ ಇರುವುದೇ ಚುನಾವಣೆಗಾಗಿ. ನೋಂದಣಿ ಹೊತ್ತಿನಲ್ಲಿ ‘ನಿಲ್ಲುತ್ತೇವೆ’ ಅಂತ ಬರೆದುಕೊಟ್ಟು, ಆರು ವರ್ಷ ಒಂದು ನಾಮಪತ್ರವನ್ನೂ ಹಾಕದೆ ತೆರಿಗೆ ವಿನಾಯಿತಿ ಮಾತ್ರ ಅನುಭವಿಸುವುದು ಸರಿಯಾ? 2015ರಲ್ಲಿ ಕಾನೂನು ಆಯೋಗದ 255ನೇ ವರದಿ ಕೂಡ ಹತ್ತು ವರ್ಷ ಸತತವಾಗಿ ಚುನಾವಣೆಗೆ ನಿಲ್ಲದ ಪಕ್ಷದ ನೋಂದಣಿ ರದ್ದಾಗಬೇಕು ಎಂದಿತ್ತು. ಅಲ್ಲಿ ಹತ್ತು ವರ್ಷ, ಇಲ್ಲಿ ಆರು. ಜೊತೆಗೆ, ಅದು ಕಾಯ್ದೆ ತಿದ್ದಿ ಮಾಡಬೇಕಾದ ಕೆಲಸ ಎಂದು ಆ ವರದಿ ಹೇಳಿತ್ತು. ಚುನಾವಣಾ ಆಯೋಗವೂ ಈ ಅಧಿಕಾರ ಕೊಡಿ ಅಂತ ಸರ್ಕಾರವನ್ನು ವರ್ಷಗಳಿಂದ ಕೇಳುತ್ತಲೇ ಇದೆ. ಸುಮ್ನೆ ಕೇಳುವುದಿಲ್ಲ ಅಲ್ವಾ? ಅಧಿಕಾರ ಈಗಾಗಲೇ ಪೂರ್ತಿ ಇದ್ದಿದ್ದರೆ ಕೇಳುವ ಅಗತ್ಯವೇ ಇರುತ್ತಿರಲಿಲ್ಲ. ಆಯೋಗದ ಉದ್ದೇಶ ಸರಿ, ಕಾನೂನಿನ ನೆಲ ಮಾತ್ರ ಗಟ್ಟಿ ಇಲ್ಲ.

ಇನ್ನು ಮುಂದೆ ಆಗುವುದೇನು

ಪಟ್ಟಿಯಿಂದ ಹೋದ ಪಕ್ಷ ನಿಷೇಧಿತ ಪಕ್ಷವಲ್ಲ. ಸಭೆ ಮಾಡಬಹುದು, ಬಾವುಟ ಹಾರಿಸಬಹುದು. ಅದರ ಜನ ಪಕ್ಷೇತರರಾಗಿ ನಿಲ್ಲಬಹುದು. ಆದೇಶದ ವಿರುದ್ಧ 30 ದಿನದೊಳಗೆ ಆಯೋಗಕ್ಕೇ ಮೇಲ್ಮನವಿ ಹಾಕುವ ಅವಕಾಶ ಕೊಟ್ಟಿದ್ದರು.

ಪಕ್ಷಕ್ಕೆ ಹಿಂದೆ ದೇಣಿಗೆ ಕೊಟ್ಟವರ ಪ್ರಶ್ನೆ ಬೇರೆ. ಹೆಸರು ಪಟ್ಟಿಯಿಂದ ಹೋದ ಮಾತ್ರಕ್ಕೆ ಹಳೆಯ ದೇಣಿಗೆ ಸುಳ್ಳಾಗುವುದಿಲ್ಲ. ಕೊಟ್ಟ ದಿನ ಪಕ್ಷ ನೋಂದಾಯಿತವಾಗಿತ್ತಾ, ಹಣ ನಿಜವಾಗಿ ಅಲ್ಲೇ ಉಳಿಯಿತಾ ಎಂಬುದು ಮುಖ್ಯ. ಆದರೆ ನಗದು ವಾಪಸ್ ಪಡೆದವರಿಗೆ ನೋಂದಣಿಯೂ ರಕ್ಷಣೆಯಲ್ಲ. ಪಕ್ಷ ಪಟ್ಟಿಯಲ್ಲಿದ್ದರೂ ಆ ಕ್ಲೇಮ್ ಸುಳ್ಳೇ.

ಸೆಪ್ಟೆಂಬರ್ ಸುತ್ತಿನಲ್ಲೇ ಆಯೋಗ ಇನ್ನೂ 359 ಪಕ್ಷಗಳನ್ನು ಬೇರೆ ಮಾಡಿ ಗುರುತಿಸಿತು. ಇವು ಚುನಾವಣೆಗೆ ನಿಂತವೇ. ಆದರೆ 2021-22ರಿಂದ ಮೂರು ವರ್ಷದ ಆಡಿಟ್ ಲೆಕ್ಕ ಕೊಟ್ಟಿಲ್ಲ, ಚುನಾವಣಾ ವೆಚ್ಚದ ವರದಿಯನ್ನೂ ಕೊಟ್ಟಿಲ್ಲ. ದುಡ್ಡಿನ ದೃಷ್ಟಿಯಿಂದ ನೋಡಿದರೆ ಮನೆಗೆ ಬೀಗ ಹಾಕಿಕೊಂಡು ಹೋದ 808 ಪಕ್ಷಗಳಿಗಿಂತ ಈ 359 ಜಾಸ್ತಿ ಕುತೂಹಲದವು.

ಯಾಕೆಂದರೆ ಆರು ವರ್ಷದ ಅಳತೆಗೋಲಿಗೆ ಒಂದು ಅಗ್ಗದ ಮದ್ದಿದೆ. ಆರು ವರ್ಷದಲ್ಲಿ ಒಂದು ಉಪಚುನಾವಣೆಗೆ ಒಬ್ಬ ಅಭ್ಯರ್ಥಿಯನ್ನು ನಿಲ್ಲಿಸಿದರೆ ಸಾಕು. ವಿಧಾನಸಭೆಗೆ ಸಾಮಾನ್ಯ ಅಭ್ಯರ್ಥಿಯ ಠೇವಣಿ 10,000 ರೂಪಾಯಿ. ಹತ್ತು ಸೂಚಕರು ಸಿಕ್ಕರೆ ಮುಗಿಯಿತು. ಠೇವಣಿ ಹೋದರೂ ಹೆಸರು ಉಳಿಯುತ್ತದೆ. ತೆರಿಗೆ ಲಾಭಕ್ಕೇ ಇರುವ ಪಕ್ಷಕ್ಕೆ ಇದೊಂದು ಖರ್ಚೇ ಅಲ್ಲ. ಈ ದಾರಿ ಹಿಡಿಯುವವರು ಜಾಸ್ತಿಯಾದರೆ ಅದರ ಗುರುತು ಮತಗಟ್ಟೆಯಲ್ಲೇ ಕಾಣುತ್ತದೆ. ಮತಯಂತ್ರದ ಒಂದು ಘಟಕದಲ್ಲಿ ನೋಟಾ ಸೇರಿ 16 ಗುಂಡಿ. ಹದಿನಾರನೆಯ ಅಭ್ಯರ್ಥಿ ಬಂದರೆ ಇನ್ನೊಂದು ಘಟಕ ಜೋಡಿಸಬೇಕು. ಈಗಿನ ಎಂ3 ಯಂತ್ರಕ್ಕೆ ಹೀಗೆ 24 ಘಟಕಗಳವರೆಗೆ ಜೋಡಿಸಬಹುದು.